ಪಾಸ್‌ಓವರ್ ಊಟಕ್ಕೆ ಹೋಳಿಗೆ ಒಯ್ಯಬಹುದಾ?

ಯಹೂದಿ ಸಹೋದ್ಯೋಗಿ ಪಾಸ್‌ಓವರ್ ಹಬ್ಬದ ಮೊದಲ ರಾತ್ರಿ ಊಟಕ್ಕೆ ಕರೆದಿದ್ದಾರೆ, ಮನೆಯಲ್ಲೇ ಮಾಡಿದ ಹೋಳಿಗೆ ಒಯ್ಯಲಾ ಅಂತ ಕೇಳಿದ್ದೀರಿ. ಹೋಳಿಗೆ ಬೇಡ. ಈ ಹಬ್ಬಕ್ಕೆ ಮುಂಚೆ ಅವರು ಮನೆಯಲ್ಲಿ ಬ್ರೆಡ್ಡಿನ ಒಂದು ಚೂರೂ ಉಳಿಯದ ಹಾಗೆ ಗುಡಿಸಿ ತೆಗೆದಿರುತ್ತಾರೆ. ಮೈದಾ, ರವೆ ಯಾವುದೂ ಒಳಗೆ ಬರಬಾರದು. ಗೋಧಿಯಲ್ಲಿ ಮಾತ್ಸಾ ಅನ್ನುವ ತೆಳು ರೊಟ್ಟಿ ಮಾತ್ರ. ಅದನ್ನೂ ಹಿಟ್ಟಿಗೆ ನೀರು ಬಿದ್ದ 18 ನಿಮಿಷದೊಳಗೆ ಬೇಯಿಸಿರಬೇಕು. ಗುಲಾಮಗಿರಿಯಿಂದ ಬಿಡುಗಡೆಯಾಗಿ ಈಜಿಪ್ಟಿನಿಂದ ಹೊರಟ ಪೂರ್ವಿಕರಿಗೆ ಹಿಟ್ಟು ಉಬ್ಬುವಷ್ಟೂ ಸಮಯ ಸಿಗಲಿಲ್ಲ ಅನ್ನುವ ನೆನಪು ಅದು.

ಚಕ್ಕುಲಿ ಒಯ್ಯೋಣ ಅಂದ್ರೆ, ಯುರೋಪ್ ಮೂಲದವರ ಎಷ್ಟೋ ಮನೆಗಳಲ್ಲಿ ಅಕ್ಕಿ, ಬೇಳೆಯೂ ನಡೆಯಲ್ಲ. ಹೂವು ಕೊಡಿ. ಕತ್ತಲಾಗುವ ಮುಂಚೆಯೇ ತಲುಪಿಸಿದರೆ ಇನ್ನೂ ಒಳ್ಳೆಯದು.

ಸಂಜೆ ಸ್ವಲ್ಪ ತಿಂದೇ ಹೋಗಿ. ಬಿಡುಗಡೆಯ ಕಥೆ ಓದಿ ಮುಗಿದ ಮೇಲೇ ಊಟ, ತುಂಬಾ ತಡವಾಗುತ್ತದೆ. ಮನೆಯ ಪುಟ್ಟ ಮಗು ಎದ್ದು 'ಈ ರಾತ್ರಿ ಯಾಕೆ ಬೇರೆ?' ಅಂತ ಹಾಡಿ ಕೇಳುವುದನ್ನು ತಪ್ಪಿಸಿಕೊಳ್ಳಬೇಡಿ. ಸೊಪ್ಪನ್ನು ಉಪ್ಪುನೀರಲ್ಲಿ ಅದ್ದಿ ಕೊಡುತ್ತಾರೆ, ಅದು ಗುಲಾಮರ ಕಣ್ಣೀರು. ಆಮೇಲೆ ಮೂಗಿಗೇರುವ ಖಾರದ ಬೇರಿನ ತುರಿ, ಜೊತೆಗೆ ಸೇಬು, ಅಕ್ರೋಟಿನ ಸಿಹಿ. ನಮ್ಮ ಬೇವು ಬೆಲ್ಲ ನೆನಪಾಗುತ್ತೆ, ಅಲ್ವಾ? ವೈನ್ ಕುಡಿಯದಿದ್ದರೆ ದ್ರಾಕ್ಷಿ ರಸ ಕೇಳಿ, ಸಂಕೋಚ ಬೇಡ.