ಕ್ವಾರೆಸ್ಮಾ ಸೋಮಾರಿನಾ?

ಪ್ರಶ್ನೆ: ಸಾರ್, ಪೋರ್ಚುಗಲ್‌ನ ಫುಟ್‌ಬಾಲ್ ಆಟಗಾರ ರಿಕಾರ್ಡೊ ಕ್ವಾರೆಸ್ಮಾ ಹೊರಗಾಲಲ್ಲಿ ಹೊಡ್ದಿರೋ ಗೋಲ್‌ಗಳ ವಿಡಿಯೋ ನೋಡ್ತಾ ಕೂತು ರಾತ್ರಿ ಎರಡು ಗಂಟೆ ಆಯ್ತು. ಇವ್ನೂ ರೊನಾಲ್ಡೊನೂ ಲಿಸ್ಬನ್‌ನ ಸ್ಪೋರ್ಟಿಂಗ್ ಕ್ಲಬ್‌ನಲ್ಲಿ ಒಟ್ಟಿಗೆ ಬೆಳೆದವ್ರಂತೆ. ಮತ್ತೆ ಇವ್ನು ಯಾಕೆ ಆ ಮಟ್ಟಕ್ಕೆ ಹೋಗ್ಲಿಲ್ಲ? ಬರೀ ಸೋಮಾರಿತನನಾ?
– ಒಬ್ಬ ಓದುಗ, ದಾವಣಗೆರೆ

ಉತ್ತರ: ಎರಡು ಗಂಟೆವರೆಗೂ ನಿದ್ದೆಗೆಟ್ಟು ನೋಡಿದ್ರಲ್ಲ, ಅದರಲ್ಲೇ ಅರ್ಧ ಉತ್ತರ ಇದೆ. 2018ರ ವರ್ಲ್ಡ್ ಕಪ್‌ನಲ್ಲಿ ಇರಾನ್ ಮೇಲೆ ಹೊಡೆದ ಗೋಲ್ ಇನ್ನೊಂದ್ಸಲ ಹಾಕಿ ನೋಡಿ. ಬಲಗಡೆಯಿಂದ ಒಳಗೆ ಬರ್ತಾನೆ, ಆಡ್ರಿಯನ್ ಸಿಲ್ವಾಗೆ ಕೊಟ್ಟು ವಾಪಸ್ ತಗೋತಾನೆ, ಬೇರೆ ಯಾರಾದ್ರೂ ಆಗಿದ್ರೆ ಅಲ್ಲಿ ಎಡಗಾಲಲ್ಲಿ ಹೊಡೀತಿದ್ರು, ಇವ್ನು ಬಲಗಾಲಿನ ಬೂಟಿನ ಹೊರಮೈಯಿಂದ ಸವರಿದಂಗೆ ಹೊಡೆದ್ರೆ ಬಾಲು ಬಾಳೆಹಣ್ಣಿನಂಗೆ ಬಾಗಿ ದೂರದ ಮೇಲ್ಮೂಲೆಗೆ. ಪೋರ್ಚುಗಲ್‌ನಲ್ಲಿ ಇದಕ್ಕೆ ಟ್ರಿವೇಲಾ ಅಂತಾರೆ. ಎಡಗಾಲನ್ನ ಆದಷ್ಟು ತಪ್ಪಿಸೋಕೆ ಹೋಗಿ ಹುಟ್ಟಿದ ವಿದ್ಯೆ ಅದು ಅಂತ ನನ್ನ ಅನಿಸಿಕೆ. ಕೂತರೆ ಅದ್ಭುತ, ಕೂರದಿದ್ರೆ ಬಾಲು ಗ್ಯಾಲರಿಗೆ, ಮತ್ತೆ ಕೋಚ್ ತಲೆ ಚಚ್ಕೋಬೇಕು.

2003ರಲ್ಲಿ ರೊನಾಲ್ಡೊ ಮ್ಯಾಂಚೆಸ್ಟರ್‌ಗೆ ಹೋದಾಗ ಇವ್ನು ಬಾರ್ಸಿಲೋನಾಗೆ ಹೋದ. ಲೀಗ್‌ನಲ್ಲಿ ಒಂದೇ ಗೋಲು, ಕೋಚ್ ರೈಕಾರ್ಡ್ ಇರೋವರೆಗೂ ಇಲ್ಲಿ ಆಡಲ್ಲ ಅಂತ ಹಠ ಬೇರೆ. ಆಗಿನ್ನೂ ಇಪ್ಪತ್ತು ವರ್ಷದ ಹುಡುಗ, ಬೆಂಚ್ ಮೇಲೆ ಕಾಯೋ ತಾಳ್ಮೆ ಇರ್ಲಿಲ್ಲ ಅಷ್ಟೇ. ಪೋರ್ಚುಗಲ್‌ನ ಪೋರ್ಟೊ ಕ್ಲಬ್‌ಗೆ ಬಂದ್ಮೇಲೆ ನಾಲ್ಕು ವರ್ಷ ಹಬ್ಬ. ಆಮೇಲೆ 2008ರಲ್ಲಿ ಕೋಚ್ ಮೌರಿನ್ಯೊ ಇಟಲಿಯ ಇಂಟರ್ ಮಿಲಾನ್‌ಗೆ ಕರ್ಕೊಂಡ್ರು, ಅಲ್ಲಿ ವಿಂಗರ್ (ಮೈದಾನದ ಅಂಚಲ್ಲಿ ದಾಳಿ ಮಾಡೋನು) ಅಂದ್ರೆ ಗೋಲ್ ಕಾಯೋಕೆ ಹಿಂದಕ್ಕೂ ಓಡ್ಬೇಕು, ಇವ್ನಿಗೆ ಅದು ಒಗ್ಗಲಿಲ್ಲ. ಇಟಲಿಯವ್ರು ಆ ವರ್ಷದ ಅತಿ ಕಳಪೆ ಆಟಗಾರ ಅಂತ ಅಣಕದ ಪ್ರಶಸ್ತಿನೂ ಕೊಟ್ಬಿಟ್ರು! 2009ರಲ್ಲಿ ಸಾಲದ ಮೇಲೆ, ಅಂದ್ರೆ ಸ್ವಲ್ಪ ಕಾಲಕ್ಕೆ ಎರವಲಾಗಿ, ಇಂಗ್ಲೆಂಡ್‌ನ ಚೆಲ್ಸಿಗೆ ಹೋದ್ರೆ, ಒಂದೇ ವಾರದಲ್ಲಿ ಅಲ್ಲಿನ ಕೋಚ್ ಸ್ಕೊಲಾರಿ ಕೆಲಸನೇ ಹೋಯ್ತು. ಹಣೆಬರಹ ಅಂದ್ರೆ ಇದು.

ಹಂಗಾಗಿ ಸೋಮಾರಿ ಅಂತ ನಾನಂತೂ ಅನ್ನಲ್ಲ. ಜನ ತಲೆ ಮೇಲೆ ಹೊತ್ಕೊಂಡ ಕಡೆ, ಅಂದ್ರೆ ಪೋರ್ಟೊ ಮತ್ತೆ ಇಸ್ತಾಂಬುಲ್‌ನ ಬೆಸಿಕ್ತಾಸ್‌ನಲ್ಲಿ, ಆಡಿದ. ನಂಬದ ಕಡೆ ಮುದುಡ್ಕೊಂಡ. ರೊನಾಲ್ಡೊಗೆ ಸಿಳ್ಳೆ ಹೊಡೆದು ಛೀಮಾರಿ ಹಾಕಿದ್ರೆ ಇನ್ನೂ ಜೋರಾಗ್ತಿದ್ದ, ವ್ಯತ್ಯಾಸ ಅಲ್ಲೇ ಇರೋದು.

ಇನ್ನೊಂದು ಮಜಾ ಏನಂದ್ರೆ, ಇವ್ನು ದೇಶಕ್ಕೆ ತಂದುಕೊಟ್ಟ ದೊಡ್ಡ ಗೋಲಲ್ಲಿ ಟ್ರಿವೇಲಾನೇ ಇಲ್ಲ. 2016ರ ಯೂರೊದಲ್ಲಿ (ಯುರೋಪಿನ ದೇಶಗಳ ಟೂರ್ನಿ) ಕ್ರೊವೇಷಿಯಾ ಮೇಲೆ 117ನೇ ನಿಮಿಷ, ರೊನಾಲ್ಡೊ ಹೊಡೆದಿದ್ದನ್ನ ಗೋಲ್‌ಕೀಪರ್ ತಡೆದಾಗ ಪುಟಿದು ಬಂದ ಬಾಲನ್ನ ತಲೆಯಿಂದ ಒಳಗೆ ತಳ್ಳಿದ. ಪೋಲೆಂಡ್ ಜೊತೆ ಗೆಲ್ಲಿಸಿದ ಕೊನೇ ಪೆನಾಲ್ಟಿನೂ ಇವನದ್ದೇ. ಫೈನಲ್‌ನಲ್ಲಿ 25ನೇ ನಿಮಿಷಕ್ಕೆ ರೊನಾಲ್ಡೊನ ಅಳ್ತಾ ಸ್ಟ್ರೆಚರ್ ಮೇಲೆ ಹೊತ್ಕೊಂಡು ಹೋದ್ರಲ್ಲ, ಅವನ ಬದಲಿಗೆ ಒಳಗೆ ಬಂದವ್ನು ಯಾರು ಅಂತೀರಿ, ಇದೇ ಕ್ವಾರೆಸ್ಮಾ. ಆ ಮ್ಯಾಚ್ ಗೆಲ್ಲಿಸಿದ ಗೋಲ್ ಹೊಡ್ದಿದ್ದು ಮಾತ್ರ ತಂಡದ ಇನ್ನೊಬ್ಬ, ಎಡೆರ್.