ಬಸ್ ತಂಗುದಾಣಕ್ಕೂ ಮತದಾನಕ್ಕೂ ಏನು ಸಂಬಂಧ?

ಕೊಡಗಿನ ನಾಪೋಕ್ಲು ಕಡೆಯ ಓದುಗರೊಬ್ಬರು ಬರೆದಿದ್ದಾರೆ: "ಚುನಾವಣೆ ಬಂದಾಗ ಜಾಥಾ, ಬ್ಯಾನರ್ ಎಲ್ಲಾ ಇರುತ್ತೆ. ಗ್ರಾಮಸಭೆ ಕರೆದರೆ ಕುರ್ಚಿ ಖಾಲಿ. ಪಂಚಾಯಿತಿ ಪಕ್ಕದ ಹಳೇ ಬಸ್ ತಂಗುದಾಣವನ್ನು ಜನ ಕೂತು ಮಾತಾಡುವ ಜಾಗ ಮಾಡಿದರೆ ಮತದಾನ ಜಾಸ್ತಿ ಆಗುತ್ತಾ? ಇಲ್ಲಾ, ಸುಮ್ನೆ ದುಡ್ಡು ದಂಡವಾ?"

ಸಂಪಾದಕರ ಉತ್ತರ:

ದಂಡ ಅಲ್ಲ, ಖಂಡಿತ ಮಾಡಿಸಿ. ಮತ ಹಾಕುವುದು ಒಂದು ದಿನದ ಕೆಲಸ. ಆದರೆ ಊರಿನ ವಿಷಯ ನನ್ನದೂ ಹೌದು ಅನ್ನಿಸುವುದಕ್ಕೆ ವರ್ಷವಿಡೀ ಸೇರುವ ಜಾಗ ಬೇಕು. ಕೊಡಗಿಗೆ ಇದು ಹೊಸದೇನಲ್ಲ. ಹಿರಿಯರು ಕೂತು ಊರಿನ ವಿಷಯ ಮಾತಾಡುತ್ತಿದ್ದ ಅಂಬಲ ಇತ್ತು. ಸುಗ್ಗಿ ಹಬ್ಬ ಪುತ್ತರಿಯಲ್ಲಿ ಕೋಲಾಟ ಆಡುವ ಊರ ಮೈದಾನ, ಅಂದರೆ ಮಂದ್, ಇವತ್ತಿಗೂ ಇದೆ. ಅವುಗಳ ಮೇಲೆ ನನಗೆ ತುಂಬ ಅಭಿಮಾನ. ಆದರೂ ಒಂದು ಮಾತು ಹೇಳಲೇಬೇಕು. ತೋಟದ ಕಾರ್ಮಿಕರ ಸಾಲುಮನೆ, ಅಂದರೆ ಲೈನ್ ಮನೆಯ ಯರವ ಬುಡಕಟ್ಟಿನ ಹೆಣ್ಣುಮಗಳು ಅಲ್ಲಿ ಬಂದು ಧೈರ್ಯವಾಗಿ ಕೂರುತ್ತಾಳಾ? ಬಸ್ ತಂಗುದಾಣದಲ್ಲಾದರೆ ಯಾರನ್ನೂ ಕೇಳದೆ ಕೂರಬಹುದು. ನಿಮ್ಮ ಆಯ್ಕೆ ನನಗೆ ಹಿಡಿಸಿದ್ದು ಇದಕ್ಕೇ.

ಕಟ್ಟುವಾಗ ಮೊದಲು ಮಳೆ ನೆನಪಿರಲಿ. ಇಲ್ಲಿನ ಜಡಿಮಳೆ ನೇರ ಬೀಳುವುದಿಲ್ಲ, ಗಾಳಿ ಜೊತೆ ಓರೆಯಾಗಿ ಹೊಡೆಯುತ್ತೆ. ಮೂರು ಕಡೆ ತೆರೆದ ತಂಗುದಾಣದಲ್ಲಿ ಜೂನ್ ಬಂತೆಂದರೆ ಬೆಂಚೇ ಒದ್ದೆ. ಗಾಳಿ ಬರುವ ಪಡುವಣ ಬದಿಗೆ ಗೋಡೆ ಇರಲಿ, ಮಾಡು ಕೆಳಗಿನವರೆಗೆ ಇಳಿಯಲಿ. ಬೆಂಚುಗಳನ್ನು ಎದುರುಬದುರು ಹಾಕಿಸಿ. ಎಲ್ಲರೂ ರಸ್ತೆ ನೋಡಿಕೊಂಡು ಸಾಲಾಗಿ ಕೂತರೆ ಮಾತು ಹುಟ್ಟುವುದಿಲ್ಲ.

ಆಮೇಲೆ ಸೂಚನಾ ಫಲಕ. ಪಂಚಾಯಿತಿ ಕಚೇರಿ ಒಳಗೆ ಗೋಂದು ಹಚ್ಚಿ ಅಂಟಿಸಿದ ಕಾಗದ ಆಷಾಢದ ತೇವಕ್ಕೆ ಉಬ್ಬಿ, ಶಾಯಿ ಕದಡಿ ಓದೋಕೇ ಆಗುವುದಿಲ್ಲ. ತಂಗುದಾಣದ ಒಳಗೋಡೆಗೆ ಬಣ್ಣದಲ್ಲೇ ಬರೆಸಿ: ಮತಗಟ್ಟೆ ಮಟ್ಟದ ಅಧಿಕಾರಿ, ಅಂದರೆ ಬಿಎಲ್‌ಒ, ಯಾರು, ಎಲ್ಲಿ ಸಿಗುತ್ತಾರೆ, ಹೊಸದಾಗಿ ಹೆಸರು ಸೇರಿಸಲು ನಮೂನೆ 6, ವಿಳಾಸ ಬದಲಿಸಲು ನಮೂನೆ 8. ಒಂದು ತೋಟ ಬಿಟ್ಟು ಇನ್ನೊಂದಕ್ಕೆ ಹೋಗುವ ಕಾರ್ಮಿಕರಿಗೆ ಈ ನಮೂನೆ 8 ಗೊತ್ತಿರುವುದು ಬಹಳ ಮುಖ್ಯ. 18 ತುಂಬುವ ಮಕ್ಕಳು ಮುಂದಿನ ಜನವರಿವರೆಗೆ ಕಾಯಬೇಕಿಲ್ಲ ಅಂತಲೂ ಬರೆಸಿ. 2022ರಿಂದ ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ 1, ಹೀಗೆ ನಾಲ್ಕು ಅರ್ಹತಾ ದಿನಾಂಕಗಳಿವೆ. ಮತದಾನದ ದಿನ ತೋಟದ ಕೆಲಸಗಾರರಿಗೂ ಸಂಬಳ ಸಹಿತ ರಜೆ ಕೊಡಬೇಕು ಅನ್ನುವ ಕಾನೂನು ಇದೆ. ಅದನ್ನು ದೊಡ್ಡ ಅಕ್ಷರದಲ್ಲೇ ಬರೆಸಿ. ಇದು ಗೊತ್ತಿಲ್ಲದೆ ಕೂಲಿ ಹೋಗುತ್ತೆ ಅಂತ ಹೆದರಿ ಮತ ಬಿಡುವುದು ನನಗೆ ನಿಜಕ್ಕೂ ಸಂಕಟದ ವಿಷಯ.

ಪಕ್ಷದ ಚಿಹ್ನೆ, ಮುಖಂಡರ ಫೋಟೋ ಮಾತ್ರ ಆ ಗೋಡೆಗೆ ಯಾವತ್ತೂ ಬೇಡ.

ಮತಗಟ್ಟೆ ಇರುವ ಶಾಲೆಯನ್ನೂ ಒಮ್ಮೆ ನೋಡಿ ಬನ್ನಿ. ನಮ್ಮಲ್ಲಿ ಎಷ್ಟೋ ಶಾಲೆಗಳು ದಿಬ್ಬದ ಮೇಲಿವೆ. ಹತ್ತಲು ಪಾಚಿ ಕಟ್ಟಿದ ಮೆಟ್ಟಿಲು. ಚುನಾವಣೆಗೆಂದು ಹಲಗೆ ಇಡುವ ಬದಲು ಸಿಮೆಂಟಿನ ಇಳಿಜಾರು ದಾರಿ, ಕೈಹಿಡಿ ಮಾಡಿಸಿದರೆ ಅಜ್ಜಿಯರಿಗೂ ಆಯ್ತು, ಮಕ್ಕಳಿಗೂ ಆಯ್ತು.

ಜಾಗ ಸರಿ ಮಾಡಿದ ಕೂಡಲೇ ಮತದಾನ ಏರಿಬಿಡುತ್ತೆ ಅಂತ ನಾನು ಹೇಳುವುದಿಲ್ಲ. ಆದರೆ ಗ್ರಾಮಸಭೆಯ ದಿನಾಂಕ ತಿಳಿಯದವರಿಗೆ ತಿಳಿಯುತ್ತೆ. ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಮೊದಲೇ ಗೊತ್ತಾಗುತ್ತೆ. ಈಗಲೇ ಒಂದು ಕೆಲಸ ಮಾಡಿ. ಮುಂದಿನ ವಾರ್ಡ್ ಸಭೆಗೆ ನಿಮ್ಮ ಬೇಡಿಕೆಯನ್ನು ಬರೆದು ಕೊಡಿ, ಲೈನ್ ಮನೆಯವರ ಸಹಿಯನ್ನೂ ಹಾಕಿಸಿ. ಅದು ನಡಾವಳಿ ಪುಸ್ತಕದಲ್ಲಿ ದಾಖಲಾಗುವವರೆಗೆ ಎದ್ದು ಬರಬೇಡಿ.