ತಂಡ ಊರು ಬಿಡುವುದು ಯಾವಾಗ?

ಓದುಗರೊಬ್ಬರ ಪತ್ರದ ಸಾರ: ‘ನಾನು ಮೈಸೂರಿನವನು. ಈಗ ಕೆನಡಾದ ಒಟ್ಟಾವಾ ನಗರದ ಪಶ್ಚಿಮದಲ್ಲಿರುವ ಕನಾಟಾದಲ್ಲಿದ್ದೇನೆ. ನಾನೂ ಮಗಳೂ ಇಲ್ಲಿನ ಐಸ್ ಹಾಕಿ ತಂಡ ಸೆನೆಟರ್ಸ್‌ನ ಅಭಿಮಾನಿಗಳು. 2023ರಲ್ಲಿ ತಂಡವನ್ನು ಕೊಂಡ ಮೈಕಲ್ ಆಂಡ್‌ಲಾವರ್ ಈ ಹಿಂದೆ ಎರಡು ಊರುಗಳಿಂದ ತಂಡಗಳನ್ನು ಎತ್ತಿಕೊಂಡು ಹೋದವರು. ಔಷಧ ಸಾಗಣೆಯ ಉದ್ಯಮಿಗೆ ತಂಡ ಸಾಗಿಸುವುದೇನು ಕಷ್ಟವೆಂದು ಗೆಳೆಯರು ನಗುತ್ತಾರೆ. ನನಗೆ ನಗು ಬರುತ್ತಿಲ್ಲ. ಅತ್ತ ಕ್ವಿಬೆಕ್ ನಗರದಲ್ಲಿ ಹೊಸ ಕ್ರೀಡಾಂಗಣ ತಂಡವಿಲ್ಲದೆ ಕಾಯುತ್ತಿದೆ. ಆರ್‌ಸಿಬಿ ಮಾರಾಟದ ಸುದ್ದಿ ಬಂದಾಗ ನನ್ನ ಅಣ್ಣನೂ ಹೀಗೆಯೇ ಚಡಪಡಿಸಿದ್ದ. ಮಗಳು ನಾಯಕನ ಜೆರ್ಸಿ ಬೇಕೆನ್ನುತ್ತಿದ್ದಾಳೆ. ಕೊಡಿಸಲೇ, ಬೇಡವೇ?’

ಪ್ರಿಯ ಓದುಗರೇ,

ನಿಮ್ಮ ಅಣ್ಣನವರ ಚಡಪಡಿಕೆಯನ್ನು ಮೊದಲು ಬದಿಗಿಡೋಣ. ಐಪಿಎಲ್‌ನಲ್ಲಿ ತಂಡ ಕೊಳ್ಳುವವರು ಊರಿನ ಹೆಸರನ್ನೂ ಸೇರಿಸಿಯೇ ಕೊಳ್ಳುತ್ತಾರೆ. ಕ್ರೀಡಾಂಗಣ ರಾಜ್ಯ ಕ್ರಿಕೆಟ್ ಸಂಸ್ಥೆಯ ಕೈಯಲ್ಲಿರುತ್ತದೆ. ಮಾಲೀಕರು ಬದಲಾದ ಮಾತ್ರಕ್ಕೆ ಬೆಂಗಳೂರಿನ ತಂಡ ಇಂದೋರಿನದಾಗುವುದಿಲ್ಲ. ಉತ್ತರ ಅಮೆರಿಕದ ಲೆಕ್ಕವೇ ಬೇರೆ. ಅಲ್ಲಿ ತಂಡವೆಂಬುದು ಮಾಲೀಕನ ಸ್ವತ್ತು. ಲೀಗ್ (ಐಸ್ ಹಾಕಿಯಲ್ಲಾದರೆ ಎನ್‌ಎಚ್‌ಎಲ್) ಒಪ್ಪಿದರೆ ಗಂಟುಮೂಟೆ ಕಟ್ಟಲು ಅಡ್ಡಿಯಿಲ್ಲ. ಆದ್ದರಿಂದ ನಿಮ್ಮ ಭಯವನ್ನು ಹುಚ್ಚು ಎನ್ನಲಾರೆ.

ಅದರಲ್ಲೂ ಒಟ್ಟಾವಾದವರಿಗೆ ಭಯಪಡುವ ಹಕ್ಕು ಉಳಿದವರಿಗಿಂತ ಹೆಚ್ಚು. ಇದೇ ಹೆಸರಿನ ಹಳೆಯ ತಂಡ 1927ರಲ್ಲಿ ಲೀಗಿನ ಚಾಂಪಿಯನ್ನರಿಗೆ ಸಿಗುವ ಸ್ಟ್ಯಾನ್ಲಿ ಕಪ್ ಗೆದ್ದು, ಏಳೇ ವರ್ಷಗಳಲ್ಲಿ ಕೈ ಬರಿದಾಗಿ, 1934ರಲ್ಲಿ ಸೇಂಟ್ ಲೂಯಿಸ್‌ಗೆ ಹೋಯಿತು. ಅಲ್ಲಿ ಒಂದು ಋತು ಆಡಿ ಕಣ್ಮುಚ್ಚಿತು. ಈಗಿನ ತಂಡ ಆಡಲಿಳಿದದ್ದು 1992ರಲ್ಲಿ. 2003ರಲ್ಲಿ ಅದು ದಿವಾಳಿಯಾದಾಗ ಕೊಂಡು ಉಳಿಸಿದವರು ಯೂಜೀನ್ ಮೆಲ್ನಿಕ್. 2017ರ ಡಿಸೆಂಬರಿನಲ್ಲಿ, ತೆರೆದ ಮೈದಾನದಲ್ಲಿ ಲೀಗಿನ ಶತಮಾನೋತ್ಸವದ ಪಂದ್ಯಕ್ಕೆ ಊರು ಸಿಂಗರಿಸಿಕೊಂಡಿದ್ದಾಗ, ಪ್ರೇಕ್ಷಕರು ಬರದಿದ್ದರೆ ಸ್ಥಳಾಂತರವನ್ನೂ ತಳ್ಳಿಹಾಕಲಾರೆ ಎಂಬರ್ಥದ ಮಾತಾಡಿದವರೂ ಅವರೇ. ಮದುವೆ ಮನೆಯಲ್ಲಿ ವಿಚ್ಛೇದನದ ಮಾತು! ಅಭಿಮಾನಿಗಳು ಚಂದಾ ಎತ್ತಿ, ಅವರು ತೊಲಗಬೇಕೆಂದು ರಸ್ತೆಬದಿಯಲ್ಲಿ ಜಾಹೀರಾತು ಫಲಕ ಹಾಕಿಸಿದರು. ಅಷ್ಟು ನೊಂದವರು ಹೊಸ ಮಾಲೀಕರನ್ನೂ ಅನುಮಾನದಿಂದ ನೋಡಿದರೆ ಆಶ್ಚರ್ಯವಿಲ್ಲ.

ಇನ್ನು ಆಂಡ್‌ಲಾವರ್ ಅವರ ಮೇಲಿನ ನಿಮ್ಮ ಆರೋಪ. ಅದು ಸುಳ್ಳಲ್ಲ, ಆದರೆ ಪೂರ್ತಿ ಕಥೆಯೂ ಅಲ್ಲ. 2015ರಲ್ಲಿ ಅವರು ಬೆಲ್‌ವಿಲ್ ಎಂಬ ಸಣ್ಣ ಊರಿನ ಕಿರಿಯರ ತಂಡ ಬುಲ್ಸ್ ಅನ್ನು ಕೊಂಡು ಹ್ಯಾಮಿಲ್ಟನ್‌ಗೆ ಒಯ್ದರು. 1981ರಿಂದ ಆಡುತ್ತಿದ್ದ ತಂಡವದು. ಊರಿನವರ ಸಂಕಟ ಏನಿದ್ದಿರಬೇಕು, ಊಹಿಸಿಕೊಳ್ಳಿ. ಆದರೆ ಅಲ್ಲಿದ್ದದ್ದು ಮೂರು ಸಾವಿರ ಚಿಲ್ಲರೆ ಆಸನಗಳ ಹಳೆಯ ಅಂಗಣ. 2023ರಲ್ಲಿ ಹ್ಯಾಮಿಲ್ಟನ್‌ನ ಅಂಗಣವನ್ನು ದೀರ್ಘ ನವೀಕರಣಕ್ಕಾಗಿ ಮುಚ್ಚಬೇಕಾಗಿ ಬಂತು. ಅದೇ ತಂಡ ಆಗ ಬ್ರ್ಯಾಂಟ್‌ಫರ್ಡ್‌ಗೆ, ಅಂದರೆ ಐಸ್ ಹಾಕಿಯ ದಂತಕಥೆ ವೇಯ್ನ್ ಗ್ರೆಟ್ಸ್ಕಿ ಹುಟ್ಟಿದ ಊರಿಗೆ ಹೋಯಿತು. ಎರಡು ಸಲವೂ ತಂಡ ಎದ್ದದ್ದು ಪ್ರೇಕ್ಷಕರ ಪ್ರೀತಿ ಬತ್ತಿದ್ದರಿಂದಲ್ಲ, ಆಡಲು ತಕ್ಕ ಜಾಗವಿಲ್ಲದ್ದರಿಂದ. ಇನ್ನೊಂದು ಸ್ವಾರಸ್ಯ ಕೇಳಿ. ಬುಲ್ಸ್ ಹೋದ ಮೇಲೆ ಬೆಲ್‌ವಿಲ್ ನಗರಸಭೆ ಕೋಟಿಗಟ್ಟಲೆ ಡಾಲರ್ ಸುರಿದು ಅಂಗಣವನ್ನು ಸರಿಪಡಿಸಿತು. 2017ರಲ್ಲಿ ಸೆನೆಟರ್ಸ್‌ನ ಎರಡನೇ ದರ್ಜೆಯ ತಂಡವೇ ನ್ಯೂಯಾರ್ಕ್ ರಾಜ್ಯದ ಬಿಂಗ್‌ಹ್ಯಾಮ್ಟನ್ ಬಿಟ್ಟು ಅಲ್ಲಿಗೆ ಬಂತು. ಒಟ್ಟಾವಾ ತಂಡದೊಂದಿಗೆ ಅದೂ ಈಗ ಆಂಡ್‌ಲಾವರ್ ಅವರ ಪಾಲಿಗೆ ಬಂದಿದೆ. ತಮ್ಮ ಬುಲ್ಸ್ ಅನ್ನು ಒಯ್ದವರನ್ನೇ ಬೆಲ್‌ವಿಲ್‌ನ ಜನ ಇಂದು ಮಾಲೀಕರೆಂದು ಕರೆಯಬೇಕಾಗಿದೆ.

ಹೀಗಾಗಿ ನನ್ನ ಸಲಹೆ ಒಂದೇ. ಮಾಲೀಕರ ಮುಖ ನೋಡಬೇಡಿ, ಅಂಗಣದ ಕಾಗದಪತ್ರ ನೋಡಿ. ಅವರು ಹುಟ್ಟಿದ್ದೆಲ್ಲಿ, ಹೃದಯ ಎಲ್ಲಿದೆ, ಪತ್ರಿಕಾಗೋಷ್ಠಿಯಲ್ಲಿ ಕಣ್ಣು ಒದ್ದೆಯಾಯಿತೇ ಎಂಬುದೆಲ್ಲ ಕಾಲಹರಣ.

ಅರಿಜೋನಾದ ಕೊಯೋಟೀಸ್ ತಂಡವನ್ನೇ ತೆಗೆದುಕೊಳ್ಳಿ. 1996ರಲ್ಲಿ ವಿನಿಪೆಗ್‌ನವರ ಕಣ್ಣೀರಿನ ನಡುವೆ ಫೀನಿಕ್ಸ್‌ಗೆ ಹೋದ ತಂಡ. 2009ರಲ್ಲಿ ದಿವಾಳಿಯಾದಾಗ ಲೀಗ್ ತಾನೇ ಕೊಂಡು ಕಾಪಾಡಿತು. 2015ರಲ್ಲಿ, ತಂಡ ಆಡುತ್ತಿದ್ದ ಫೀನಿಕ್ಸ್ ಪಕ್ಕದ ಗ್ಲೆಂಡೇಲ್‌ನ ನಗರಸಭೆ ಅಂಗಣದ ಕರಾರು ರದ್ದುಮಾಡಿತು. ಕೆಲ ವರ್ಷ ತಾತ್ಕಾಲಿಕ ಒಪ್ಪಂದದಲ್ಲಿ ದಿನ ನೂಕಿದ ತಂಡ 2022ರಲ್ಲಿ ಅಲ್ಲಿಂದ ಹೊರಬಿದ್ದು, ಸುಮಾರು ಐದು ಸಾವಿರ ಜನ ಹಿಡಿಸುವ ವಿಶ್ವವಿದ್ಯಾಲಯದ ಅಂಗಣದಲ್ಲಿ ಎರಡು ಋತು ಕಳೆಯಿತು. ಹದಿನೆಂಟು ಸಾವಿರ ಆಸನಗಳ ಲೀಗಿನಲ್ಲಿ ಕಾಲೇಜು ಹುಡುಗರ ಜಾಗ! 2023ರ ಮೇ ತಿಂಗಳಲ್ಲಿ ಟೆಂಪಿ ನಗರದ ಮತದಾರರು ಹೊಸ ಅಂಗಣದ ಪ್ರಸ್ತಾವವನ್ನು ತಿರಸ್ಕರಿಸಿದರು. ಮುಂದಿನ ವರ್ಷದ ಏಪ್ರಿಲ್‌ನಲ್ಲಿ ತಂಡ 120 ಕೋಟಿ ಡಾಲರಿಗೆ ಸಾಲ್ಟ್ ಲೇಕ್ ಸಿಟಿಯ ಪಾಲಾಯಿತು. ಕೊನೆಯ ಪಂದ್ಯದಲ್ಲಿ ಎಡ್ಮಂಟನ್ ವಿರುದ್ಧ 5-2ರಿಂದ ಗೆದ್ದರು ಪಾಪ.

ಅದಕ್ಕೆ ಮೊದಲು 2011ರಲ್ಲಿ ಅಟ್ಲಾಂಟಾದಿಂದ ವಿನಿಪೆಗ್‌ಗೆ ಹೋದ ತಂಡದ ಕಥೆ ಇನ್ನೂ ಸರಳ. ಮಾಲೀಕರು ಬಾಸ್ಕೆಟ್‌ಬಾಲ್ ತಂಡವನ್ನೂ ಅಂಗಣವನ್ನೂ ಇಟ್ಟುಕೊಂಡು ಹಾಕಿ ತಂಡವನ್ನು ಮಾತ್ರ ಮಾರಲು ಹೊರಟರು. ಅಂಗಣವಿಲ್ಲದ ತಂಡವನ್ನು ಊರಿನಲ್ಲಿ ಯಾರೂ ಕೊಳ್ಳಲಿಲ್ಲ. 1997ರಲ್ಲಿ ಹಾರ್ಟ್‌ಫರ್ಡ್ ತಂಡ ಹೋದ ನಂತರ ಎನ್‌ಎಚ್‌ಎಲ್‌ನಲ್ಲಿ ಸ್ಥಳಾಂತರಗೊಂಡ ತಂಡಗಳು ಇವೆರಡೇ.

ಕಾಗದಪತ್ರದ ಬಲ ತಿಳಿಯಬೇಕಾದರೆ ನ್ಯಾಶ್‌ವಿಲ್ ನೋಡಬೇಕು. 2007ರಲ್ಲಿ ಬ್ಲ್ಯಾಕ್‌ಬೆರಿ ಕಂಪನಿಯ ಜಿಮ್ ಬಾಲ್ಸಿಲಿ ಅಲ್ಲಿನ ಪ್ರೆಡೇಟರ್ಸ್ ತಂಡಕ್ಕೆ ಸುಮಾರು 22 ಕೋಟಿ ಡಾಲರ್ ಕೊಡಲು ಮುಂದಾದರು. ಖರೀದಿ ಮುಗಿಯುವ ಮೊದಲೇ, ಅವರು ತಂಡವನ್ನು ಒಯ್ಯಬೇಕೆಂದಿದ್ದ ಹ್ಯಾಮಿಲ್ಟನ್‌ನಲ್ಲಿ ಋತುವಿನ ಟಿಕೆಟ್‌ಗಳಿಗೆ ಮುಂಗಡ ವಸೂಲಿ ಶುರುವಾಯಿತು. ಸಾವಿರಾರು ಜನ ಹಣ ಕಟ್ಟಿಯೂಬಿಟ್ಟರು. ನ್ಯಾಶ್‌ವಿಲ್ ಅಂಗಣದ ಕರಾರಿನಲ್ಲಿ ಒಂದು ಷರತ್ತಿತ್ತು: ಹಣ ಕೊಟ್ಟು ಬರುವ ಪ್ರೇಕ್ಷಕರ ಸರಾಸರಿ 14,000ಕ್ಕಿಂತ ಕೆಳಗಿಳಿದರೆ ತಂಡ ಕರಾರಿನಿಂದ ಬಿಡಿಸಿಕೊಳ್ಳಬಹುದು. ಅಭಿಮಾನಿಗಳು ಅದನ್ನು ಓದಿಕೊಂಡಿದ್ದರು. ಜುಲೈ ತಿಂಗಳಲ್ಲಿ, ಹಾಕಿಯೇ ಇಲ್ಲದ ಕಾಲದಲ್ಲಿ, ಅಂಗಣದಲ್ಲಿ ದೊಡ್ಡ ಸಭೆ ಸೇರಿ ಟಿಕೆಟ್ ಕೊಳ್ಳುವ ಅಭಿಯಾನ ನಡೆಸಿದರು. ಘೋಷಣೆ ಕೂಗಿದ್ದರಿಂದಲ್ಲ, ಆ 14,000ದ ಸಂಖ್ಯೆಯನ್ನು ಗುರಿ ಮಾಡಿಕೊಂಡಿದ್ದರಿಂದ ಅವರ ಕೂಗಿಗೆ ತೂಕ ಬಂತು. ಬಾಲ್ಸಿಲಿ ವ್ಯವಹಾರ ಮುರಿದು, ವರ್ಷದ ಕೊನೆಗೆ ಸ್ಥಳೀಯರ ನೇತೃತ್ವದ ಗುಂಪೊಂದು 19.3 ಕೋಟಿಗೆ ತಂಡವನ್ನು ಕೊಂಡಿತು. ಹತ್ತು ವರ್ಷಗಳ ಬಳಿಕ ಪ್ರೆಡೇಟರ್ಸ್ ಸ್ಟ್ಯಾನ್ಲಿ ಕಪ್ ಫೈನಲ್ ಆಡಿತು. ಹಾಗೆಂದು ಆ ಗುಂಪಿನವರೆಲ್ಲ ಸಾಚಾಗಳೆಂದುಕೊಳ್ಳಬೇಡಿ. ಅದರಲ್ಲಿದ್ದ ವಿಲಿಯಂ ಡೆಲ್ ಬಿಯಾಜಿಯೊ ಎಂಬಾತ ಸುಳ್ಳು ದಾಖಲೆ ತೋರಿಸಿ ಸಾಲ ಎತ್ತಿ ಪಾಲು ಕೊಂಡಿದ್ದ. 2009ರಲ್ಲಿ ಜೈಲು ಶಿಕ್ಷೆಯಾಯಿತು. ನಮ್ಮೂರಿನವರು ಕೊಂಡರೆ ಸಾಕು ಎಂಬ ನಂಬಿಕೆಯೂ ಅಷ್ಟಕ್ಕಷ್ಟೆ.

ಈಗ ಒಟ್ಟಾವಾಕ್ಕೆ ಬನ್ನಿ. ಆಂಡ್‌ಲಾವರ್ ಗುಂಪು ಕೊಟ್ಟದ್ದು 95 ಕೋಟಿ ಅಮೆರಿಕನ್ ಡಾಲರ್. ಹತ್ತನೆಯ ಒಂದು ಪಾಲು ಮೆಲ್ನಿಕ್ ಅವರ ಹೆಣ್ಣುಮಕ್ಕಳ ಬಳಿಯೇ ಉಳಿಯಿತು. ತಂಡ ಒಟ್ಟಾವಾದಲ್ಲೇ ಇರಬೇಕೆಂಬುದು ಮಾರಾಟದ ಷರತ್ತಾಗಿತ್ತು. ಕನಾಟಾದ ಅಂಗಣ ತಂಡದ್ದೇ. ತಂಡವನ್ನು ಒಯ್ದರೆ ಆ ಕಟ್ಟಡವನ್ನು ಕಟ್ಟಿಕೊಂಡು ಏನು ಮಾಡುತ್ತಾರೆ? ಬಾಡಿಗೆ ಮನೆ ಖಾಲಿ ಮಾಡಿದಷ್ಟು ಸುಲಭವಲ್ಲ ಅದು.

ನೀವು ಕಣ್ಣಿಡಬೇಕಾದದ್ದು ಲೆಬ್ರೆಟನ್ ಫ್ಲಾಟ್ಸ್ ಮೇಲೆ. ನಗರದ ನಡುವಿನ ಆ ಬಡಾವಣೆಯನ್ನು ಸರ್ಕಾರ 1962ರಲ್ಲಿ ವಶಪಡಿಸಿಕೊಂಡು, ಮನೆಗಳನ್ನು ಕೆಡವಿ, ದಶಕಗಟ್ಟಲೆ ಬಯಲಾಗಿ ಬಿಟ್ಟಿತು. ಅಲ್ಲಿ ಹೊಸ ಅಂಗಣ ಕಟ್ಟುವ ಮೊದಲ ಯೋಜನೆ ಮೆಲ್ನಿಕ್ ಮತ್ತು ಅವರ ಪಾಲುದಾರರ ಜಗಳದಲ್ಲಿ, 2018ರ ಕೊನೆಗೆ, ನ್ಯಾಯಾಲಯದ ಮೆಟ್ಟಿಲೇರಿ ಮುಗಿಯಿತು. ಆಂಡ್‌ಲಾವರ್ ಬಂದ ಮೇಲೆ, 2024ರ ಸೆಪ್ಟೆಂಬರಿನಲ್ಲಿ, ಸುಮಾರು 10 ಎಕರೆಗೆ ತಾತ್ವಿಕ ಒಪ್ಪಂದವಾಯಿತು. ಕನಾಟಾದ ನಿಮಗೆ ಇದು ಸಿಹಿ ಸುದ್ದಿಯಲ್ಲ, ಬಲ್ಲೆ. ಮನೆಯ ಪಕ್ಕದ ಅಂಗಣ ಹೋಗಿ ಇಪ್ಪತ್ತೈದು ಕಿಲೋಮೀಟರ್ ಪ್ರಯಾಣ ನಿಮ್ಮ ತಲೆಗೆ ಬರುತ್ತದೆ. ಇಷ್ಟು ಕಾಲ ಅದು ನಗರದವರ ಗೋಳಾಗಿತ್ತು. ಆದರೂ ಆ ಸ್ಥಳಾಂತರವನ್ನು ನೀವು ಬಯಸಬೇಕು. ಅಲ್ಲಿ ತಳಪಾಯ ಬಿದ್ದರೆ ಇನ್ನೊಂದು ತಲೆಮಾರಿಗೆ ತಂಡ ಅಲುಗುವುದಿಲ್ಲ. ಆ ಯೋಜನೆ ಮತ್ತೊಮ್ಮೆ ಮುರಿದು, ಕನಾಟಾದ ಕಟ್ಟಡ ಹಳೆಯದಾಗುತ್ತ ಹೋದರೆ ಆಗ ಮತ್ತೆ ಬರೆಯಿರಿ. ಆಗ ನಾನೂ ನಿಮ್ಮ ಜೊತೆ ಚಿಂತಿಸುತ್ತೇನೆ.

ಕ್ವಿಬೆಕ್‌ನವರ ಬಗ್ಗೆ ಅಷ್ಟು ಸಿಟ್ಟು ಬೇಡ. 1995ರಲ್ಲಿ ಅವರ ನೋರ್ಡೀಕ್ಸ್ ತಂಡ 7.5 ಕೋಟಿ ಡಾಲರಿಗೆ ಡೆನ್ವರ್‌ಗೆ ಹೋಗಿ, ಮರುವರ್ಷವೇ ಸ್ಟ್ಯಾನ್ಲಿ ಕಪ್ ಗೆದ್ದು ಗಾಯಕ್ಕೆ ಉಪ್ಪು ಸವರಿತು. ಸಾರ್ವಜನಿಕ ಹಣದಲ್ಲಿ ಅವರು 2015ರಲ್ಲಿ ಹೊಸ ಅಂಗಣವನ್ನೂ ಕಟ್ಟಿ ಮುಗಿಸಿದರು. ಲೀಗ್ ಮರುವರ್ಷ ಹೊಸ ತಂಡ ಕೊಟ್ಟದ್ದು ಲಾಸ್ ವೇಗಸ್‌ಗೆ. ಅಂಗಣವಿದ್ದ ಮಾತ್ರಕ್ಕೆ ತಂಡ ಬರುವುದಿಲ್ಲ ಎಂಬುದನ್ನು ಅವರಷ್ಟು ಕಹಿಯಾಗಿ ಕಲಿತವರಿಲ್ಲ.

ಮಗಳಿಗೆ ಜೆರ್ಸಿ ಕೊಡಿಸಿ. ಅವಳು ಕೇಳುತ್ತಿರುವುದು ನಾಯಕ ಬ್ರೇಡಿ ಟಕಾಚುಕ್ ಅವರ 7ನೇ ಸಂಖ್ಯೆಯದಾದರೆ, ಅವರ ಒಪ್ಪಂದ ಇರುವುದು 2027-28ರ ಋತುವಿನವರೆಗೆ ಎಂಬುದೂ ನೆನಪಿರಲಿ. ತಂಡಕ್ಕಿಂತ ಮೊದಲು ಆಟಗಾರರು ಊರು ಬಿಡುತ್ತಾರೆ. ಅನುಮಾನವಿದ್ದರೆ ಬೆನ್ನ ಮೇಲೆ ಅವಳದೇ ಹೆಸರು ಹಾಕಿಸಿಬಿಡಿ.

– ಸಂಪಾದಕ